ತಿರುಗಿ ಬಾರದ ದುಡ್ಡು ಕೇಳುವ ಬಗೆ

ಕಿರುಚಿತ್ರಕ್ಕೆ ಹಾಕಿದ ದುಡ್ಡು ತಿರುಗಿ ಬರುವುದಿಲ್ಲ. ದುಡ್ಡು ಕೇಳಲು ಹೋದ ಕಡೆ ಕಥೆ ಶುರು ಮಾಡುವ ಮೊದಲೇ ಈ ಮಾತು ಹೇಳಿಬಿಡುವುದು ಈಗ ನನ್ನ ರೂಢಿ. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು, ದೂರದ ನೆಂಟರೂ ಹೌದು, ಎಲೆಯಡಿಕೆಯ ಕವಳ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿ ತಮಾ, ದುಡ್ಡು ತಿರುಗಿ ಬತ್ತಾ?" ಅಂದರು. ಇಲ್ಲ ಅಂದೆ. ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಹಂಗಾರೆ ಇದು ವ್ಯಾಪಾರ ಅಲ್ಲ, ವಂತಿಗೆ ಲೆಕ್ಕ. ಮೊದಲೇ ಹೇಳಕ್ಕಾಗಿತ್ತು" ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ನಿಜವಾದ ಮಾತು ಶುರುವಾದದ್ದು ಆಮೇಲೆಯೇ.

ಬರುವುದಿಲ್ಲ ಎಂದು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹದಿನೈದು ನಿಮಿಷದ ಚಿತ್ರಕ್ಕೆ ಟಿಕೆಟ್ ಇಡುವ ಥಿಯೇಟರ್ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಚಾನಲ್ಲಿಗೆ 1,000 ಚಂದಾದಾರರು, ಒಂದು ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆ ಬೇಕು. ಲೆಕ್ಕ ಹಾಕಿ ನೋಡಿ: ಹದಿನೈದು ನಿಮಿಷದ ಚಿತ್ರವನ್ನು 16,000 ಜನ ಕೊನೆಯ ಹೆಸರಿನವರೆಗೂ ಕೂತು ನೋಡಿದರೆ ಅಷ್ಟು ಗಂಟೆ ಆಗುತ್ತದೆ. ಆಗಲೂ ಸಿಗುವುದು ಪಾಲು ಕೇಳುವ ಅರ್ಹತೆ ಮಾತ್ರ. ಒಟಿಟಿಯವರು ಒಂಟಿ ಕಿರುಚಿತ್ರಕ್ಕೆ ದುಡ್ಡು ಕೊಟ್ಟು ಕೊಳ್ಳುವುದು ಅಪರೂಪ. ಉತ್ಸವದ ಬಹುಮಾನವನ್ನು ನಂಬಿ ಬಜೆಟ್ ಹಾಕುವವರಿಗೆ ಏನೂ ಹೇಳಿ ಪ್ರಯೋಜನವಿಲ್ಲ.

ಇಷ್ಟಾದರೂ "ಹೂಡಿಕೆ", "ಲಾಭದ ಪಾಲು" ಎಂದೆಲ್ಲ ಬರೆದ ಪಿಚ್ ಡೆಕ್ (ದುಡ್ಡು ಕೇಳಲು ಕಥೆ, ಲೆಕ್ಕ ತೋರಿಸುವ ಪುಟಗಳು) ಹಿಡಿದು ಬರುವ ಹುಡುಗರನ್ನು ನೋಡುತ್ತಿರುತ್ತೇನೆ. ಬೆಂಗಳೂರಿನಲ್ಲಿ ಯಾರೋ ಮಾಡಿಕೊಟ್ಟ ನಮೂನೆ. ಅದರಲ್ಲಿ ಕಥೆಯ ಊರಿನ ಹೆಸರು ಮಾತ್ರ ಬದಲಾಗಿರುತ್ತದೆ. ಕುಮಟೆಯ ಹಾರ್ಡ್‌ವೇರ್ ಅಂಗಡಿಯವರೋ ಕಾರವಾರದ ಬೋಟಿನ ಮಾಲೀಕರೋ ಅದನ್ನು ತಿರುವಿ ಹಾಕಿ ಮೇಜಿನ ಮೇಲಿಡುತ್ತಾರೆ. ಅವರು ಬೆಳಗಾದರೆ ಲಾಭ ನಷ್ಟ ನೋಡುವ ಜನ, ಇದರಲ್ಲಿ ಲಾಭ ಇಲ್ಲ ಎಂಬುದು ಡೆಕ್ ಬರೆದವನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಕೇಳಿದವನ ಉಳಿದ ಮಾತುಗಳ ಮೇಲೂ ಅನುಮಾನ.

ಆದರೆ ಇದೇ ಜನ ತಿರುಗಿ ಬಾರದ ದುಡ್ಡು ಕೊಡುವುದರಲ್ಲಿ ಪಳಗಿದವರು. ಹರಕೆ ಹೊತ್ತು ಯಕ್ಷಗಾನದ ಆಟ ಆಡಿಸುವವನು ಟಿಕೆಟ್ ಇಡುವುದಿಲ್ಲ. ಮೇಳಕ್ಕೆ, ಅಂದರೆ ಯಕ್ಷಗಾನ ತಂಡಕ್ಕೆ, ವೀಳ್ಯದ ದುಡ್ಡು ಕೊಟ್ಟು, ಗದ್ದೆ ಸಮ ಮಾಡಿಸಿ, ಲೈಟು ಮೈಕು ಹೊಂದಿಸಿ, ಕಲಾವಿದರ ಊಟ ನೋಡಿಕೊಂಡು, ಊರಿಗೆಲ್ಲ ಆಟ ತೋರಿಸುತ್ತಾನೆ. ಬೆಳಗಾಗುವಾಗ ಅವನಿಗೆ ಉಳಿಯುವುದು ಪ್ರಸಾದ, ಕರಪತ್ರದಲ್ಲಿ ಹೆಸರು, ಮತ್ತೆ ನಾಲ್ಕು ದಿನ "ನಿಮ್ಮನೆ ಆಟ ಲಾಯ್ಕಾಗಿತ್ತು" ಎಂಬ ಮಾತು. (ಬೆಳಗಾಗುವಾಗ ಎಂದೆ, ಈಗ ಕಾಲಮಿತಿಯ ಆಟಗಳೇ ಹೆಚ್ಚು, ಮಧ್ಯರಾತ್ರಿಗೆ ಮನೆ ಸೇರಬಹುದು.) ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ನಾಲ್ಕು ತಲೆಮಾರು ದಾಟಿ ಬಂದಿರುವುದರ ಹಿಂದೆ ಕಲಾವಿದರ ಶಕ್ತಿ ಎಷ್ಟಿದೆಯೋ ಹೀಗೆ ಕೊಟ್ಟು ಕರೆಸಿಕೊಂಡವರ ಬಲವೂ ಅಷ್ಟಿದೆ. ದೇವಸ್ಥಾನದ ದೊಡ್ಡ ಕಾರ್ಯವೆಂದರೆ ಹೊರೆಕಾಣಿಕೆ ಬರುತ್ತದೆ: ಒಬ್ಬರ ಮನೆಯ ಅಕ್ಕಿ, ಒಬ್ಬರ ತೋಟದ ಬಾಳೆಗೊನೆ, ಇನ್ನೊಬ್ಬರ ತೆಂಗಿನಕಾಯಿ. ನಗದು ಇಲ್ಲದವನಿಗೂ ಅಲ್ಲಿ ಕೊಡಲು ಏನಾದರೂ ಇರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಿರುಚಿತ್ರಕ್ಕೆ ದಾರಿ ಇರುವುದು ಇಲ್ಲೇ ಎಂಬುದು ನನ್ನ ನಂಬಿಕೆ. ಹೂಡಿಕೆದಾರರನ್ನು ಹುಡುಕುವ ಬದಲು ಆಟ ಆಡಿಸುವವರನ್ನು ಹುಡುಕಬೇಕು.

ಸಿನಿಮಾಕ್ಕೆ ಇದು ಹೊಸದೇನೂ ಅಲ್ಲ. ಶ್ಯಾಮ್ ಬೆನಗಲ್ಲರ ‘ಮಂಥನ್’ 1976ರಲ್ಲಿ ತಯಾರಾದದ್ದು ಗುಜರಾತಿನ ಹಾಲು ಸಹಕಾರಿ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟಿದ್ದರಿಂದ. ಚಿತ್ರ ಅವರ ಹಾಲಿನ ಕಥೆಯೇ; ತಾವೇ ನಿರ್ಮಾಪಕರಾದ ಚಿತ್ರವನ್ನು ನೋಡಲು ಹಳ್ಳಿಗಳಿಂದ ಲಾರಿ ಹತ್ತಿ ಬಂದರು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ಕಾನ್ ಉತ್ಸವದಲ್ಲಿ ಪ್ರದರ್ಶನವಾಯಿತು. 1923ರಲ್ಲೇ ತೋಟಿಗರು ಕೂಡಿ ತಮ್ಮ ಅಡಿಕೆ ಮಾರಾಟಕ್ಕೆ ಸೊಸೈಟಿ ಕಟ್ಟಿಕೊಂಡ ಶಿರಸಿಯಲ್ಲಿ ಈ ಕಥೆ ಹೇಳಿದರೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ಕನ್ನಡದಲ್ಲಿ ಪವನ್ ಕುಮಾರ್ 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಅದು ಥಿಯೇಟರಿಗೆ ಹೋಗುವ ಪೂರ್ಣ ಚಿತ್ರ, ಗಳಿಕೆಯ ದಾರಿ ಇತ್ತು. ಕಿರುಚಿತ್ರ ಮಾಡುವವರು ಅದನ್ನು ಉದಾಹರಣೆ ಕೊಡುವಾಗ ಈ ವ್ಯತ್ಯಾಸವನ್ನು ನುಂಗಿಬಿಡುತ್ತಾರೆ.

ಕಥೆಗೆ ಬರುತ್ತೇನೆ. ನಾನು ಹೊತ್ತು ತಿರುಗಿದ ಕಥೆ ಒಂದೇ ವಾಕ್ಯದ್ದು: ಜೀವಮಾನವಿಡೀ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸಿದ ಕೊನೆಗೌಡನೊಬ್ಬ, ಮರ ಹತ್ತದೆ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಫೈಬರ್ ದೋಟಿಯನ್ನು (ಉದ್ದ ಕೋಲನ್ನು) ಊರವರಿಗೆ ಕಲಿಸಿಕೊಡಬೇಕಾದ ಒಂದು ದಿನ. ಘಟ್ಟದ ಮೇಲಿನ ತೋಟಗಳಲ್ಲಿ ಕೊನೆಗೌಡರು ಸಿಗುವುದು ಕಷ್ಟವಾಗಿ ವರ್ಷಗಳಾದವು. ಮರದಿಂದ ಮರಕ್ಕೆ ದಾಟಿ ಕೊಯ್ಯುವವರ ಮಕ್ಕಳು ಬೇರೆ ಕೆಲಸ ಹಿಡಿದರು, ಅಡಿಕೆ ಮರ ಹತ್ತಿ ಬಿದ್ದವರ ಮನೆ ಎಲ್ಲ ಊರಲ್ಲೂ ಒಂದಿದೆ, ದೋಟಿ ಬಂದದ್ದು ಬೇಕಾಗಿಯೇ. ಹಾಗಾಗಿ ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ನನಗೆ ಕಥೆ ಹಿಡಿಸಿದ್ದೂ ಅದಕ್ಕೇ.

ಗೋವಾದಲ್ಲಿ ಸಿನಿಮಾ ಮಂದಿಯ ಎದುರು ಇದನ್ನು ಹೇಳುವ ರೀತಿಯೇ ಬೇರೆ. 2004ರಿಂದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಪಣಜಿಯಲ್ಲೇ ನಡೆಯುತ್ತದೆ, ಕಾರವಾರದಿಂದ ಸುಮಾರು ನೂರು ಕಿಲೋಮೀಟರ್. ಬೆಂಗಳೂರಿನವರಿಗಿಂತ ನಮಗೇ ಹತ್ತಿರ, ಆದರೂ ನಮ್ಮ ಕಡೆಯ ಹುಡುಗರು ಹೋಗುವುದು ಕಡಿಮೆ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್ (ಈಗ ವೇವ್ಸ್ ಫಿಲ್ಮ್ ಬಜಾರ್) 2007ರಿಂದ ಅದರ ಜೊತೆಗೇ ಇದೆ. ಅಲ್ಲಿನ ಸಹ-ನಿರ್ಮಾಣದ ಮಾರುಕಟ್ಟೆ ಪೂರ್ಣ ಚಿತ್ರದವರದ್ದು, ಕಿರುಚಿತ್ರ ಹಿಡಿದು ಹೋದರೆ ದುಡ್ಡು ಸಿಗದು. ಆದರೆ ಕಥೆ ಹೇಳುವವರನ್ನು, ಕೇಳುವವರನ್ನು ಕಣ್ಣಾರೆ ನೋಡಬಹುದು. 2021ರಿಂದ ಉತ್ಸವದಲ್ಲಿ ಎಳೆಯರನ್ನು ಆರಿಸುವ ಕಾರ್ಯಕ್ರಮವೂ ಇದೆ, ಈಗ ಅವರನ್ನು ತಂಡ ಮಾಡಿ 48 ಗಂಟೆಯಲ್ಲಿ ಕಿರುಚಿತ್ರ ಮಾಡಿಸುತ್ತಾರೆ. ವಯಸ್ಸಿರುವವರು ಅರ್ಜಿ ಹಾಕಬೇಕು. ಅಂಥಲ್ಲಿ ಕೇಳುವ ಪ್ರಶ್ನೆ: ಈ ಕಥೆಯನ್ನು ನೀನೇ ಯಾಕೆ ಹೇಳಬೇಕು? ಕ್ಯಾಮೆರಾ ಎಲ್ಲಿರುತ್ತದೆ? ಹದಿನೈದು ನಿಮಿಷದಲ್ಲಿ ಏನು ಬದಲಾಗುತ್ತದೆ?

ಅಡಿಕೆ ಮಂಡಿಯಲ್ಲಿ ಹೇಳುವಾಗ ಕ್ಯಾಮೆರಾದ ಸುದ್ದಿ ಎತ್ತುವುದಿಲ್ಲ. ಅಲ್ಲಿ ಕೇಳುವವರಿಗೆ ಕೊನೆಗೌಡ ಎಂದರೆ ಯಾರೆಂದು ಹೇಳಬೇಕಿಲ್ಲ, ಆದರೆ ಅವರೇ ನನಗೆ ಹೇಳಲು ಶುರು ಮಾಡುತ್ತಾರೆ. ತಮ್ಮ ತೋಟಕ್ಕೆ ಬರುತ್ತಿದ್ದವನ ಹೆಸರು, ಅವನು ಕೊನೆ ಬಿಡುವ ಚಂದ, ಅವನಿಗೆ ಮುಂಗಡ ಕೊಟ್ಟು ಕಾದ ವರ್ಷಗಳು. ಆಗ ಸುಮ್ಮನೆ ಕೇಳಿಸಿಕೊಳ್ಳಬೇಕು. ಪಿಚ್ ಎಂದರೆ ತಾನು ಮಾತಾಡುವುದು ಎಂದುಕೊಂಡವರು ಇಲ್ಲಿ ಸೋಲುತ್ತಾರೆ. ಎದುರಿಗಿದ್ದವರು ತಮ್ಮ ಕೊನೆಗೌಡನ ಕಥೆ ಹೇಳಿ ಮುಗಿಸಿದರೆಂದರೆ ಅರ್ಧ ಕೆಲಸ ಆದಂತೆ.

ಎಲ್ಲಕ್ಕಿಂತ ಕಷ್ಟದ ಪಿಚ್ ಕೊನೆಗೌಡನಿಗೇ ಹೇಳಿದ್ದು. ಊರಿನ ಹಿರಿಯರೊಬ್ಬರನ್ನೇ ಪಾತ್ರಕ್ಕೆ ಕೇಳಲು ಹೋಗಿದ್ದೆವು. ದೋಟಿ ಬಂದು ನಿಮ್ಮಂಥವರ ಕೆಲಸ ಹೋಯಿತು ಎಂಬ ದುಃಖದ ಕಥೆ ಎಂದು ನನ್ನ ಜೊತೆಗಿದ್ದವನು ವಿವರಿಸಿದ. ಅವರು ಬೀಡಿ ಕೆಳಗಿಟ್ಟು, "ದೋಟಿ ಮುರದ್ರೆ ಮತ್ತೆ ಕರೆಯೂದು ನನ್ನನ್ನೇ ಅಲ್ರಾ ಹೆಗಡೇರೆ?" ಅಂದರು. ಆ ರಾತ್ರಿ ಚಿತ್ರಕಥೆಯ ಕೊನೆಯ ಎರಡು ಪುಟ ಹರಿದು ಬರೆದೆ. ಮರುದಿನ ಮಂಡಿಯಲ್ಲಿ ಇದೇ ಮಾತನ್ನು ಹೇಳಿದಾಗ ಕೇಳಿದವರೆಲ್ಲ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಹೌದೆಂಬ ಒಪ್ಪಿಗೆಯಿತ್ತು. ಅಲ್ಲಿಂದ ಮುಂದೆ ಎಲ್ಲ ಕಡೆ ಕಥೆ ಹೇಳುವುದು ಆ ಮಾತಿನಿಂದಲೇ.

ಇನ್ನು ದುಡ್ಡು. ನಗದಿನ ಮೊತ್ತವನ್ನು ಮೊದಲು ಬರೆದು ಅದನ್ನು ಕೂಡಿಸಲು ಹೊರಡುವುದು ಸಾಮಾನ್ಯ ಪದ್ಧತಿ. ನಾವು ಹೊರೆಕಾಣಿಕೆಯ ಪಟ್ಟಿ ಮೊದಲು ಮಾಡಿದೆವು: ಯಾರ ಬಳಿ ಏನಿದೆ, ಅದರಲ್ಲಿ ಅವರಿಗೆ ಹೊರೆಯಾಗದಂತೆ ಯಾವುದು ಕೊಡಬಹುದು. ಹದಿನೈದು ಜನರ ತಂಡ, ನಾಲ್ಕು ದಿನದ ಶೂಟಿಂಗ್ ಎಂದಿಟ್ಟುಕೊಳ್ಳಿ. ಮೂರು ಹೊತ್ತಿನಂತೆ ಒಟ್ಟು 180 ಎಲೆ ಊಟ. ನಡುವಿನ ಚಾ ಬೇರೆ. ಹೋಟೆಲಿನಿಂದ ತರಿಸಿದರೆ ಇದೊಂದೇ ಬಜೆಟ್ಟಿನ ದೊಡ್ಡ ತುಂಡನ್ನು ತಿನ್ನುತ್ತದೆ. ಅಕ್ಕಿ, ಕಾಯಿ, ತರಕಾರಿ, ಹಾಲು ಊರಿನಿಂದಲೇ ಬಂದರೆ ಅಡುಗೆಯವರ ಸಂಬಳ, ಗ್ಯಾಸು, ಕಿರಾಣಿ ಮಾತ್ರ ಖರ್ಚಿಗೆ ಉಳಿಯುತ್ತದೆ. ಮಲಗಲು ಮನೆಯ ಮೆತ್ತು (ಮಾಳಿಗೆ), ದೃಶ್ಯಕ್ಕೆ ತೋಟ, ಸಾಮಾನು ಸಾಗಿಸಲು ಯಾರದೋ ಪಿಕಪ್, ಡೀಸೆಲ್ ನಮ್ಮದು. ಹೀಗೆ ತೆಗೆಯುತ್ತ ಹೋದರೆ ನಗದು ಬೇಕಾದ ಬಾಬ್ತುಗಳು ಕೆಲವೇ ಉಳಿಯುತ್ತವೆ, ಅವು ಮಾತ್ರ ಯಾವ ಕಾರಣಕ್ಕೂ ಕರಗುವುದಿಲ್ಲ: ಕೆಲಸಗಾರರ ಕೂಲಿ, ಕ್ಯಾಮೆರಾ–ಲೆನ್ಸಿನ ಬಾಡಿಗೆ, ಶಬ್ದ, ಎಡಿಟಿಂಗ್ ನಂತರದ ಕೆಲಸ, ಉತ್ಸವದ ಶುಲ್ಕ.

ಬಾಡಿಗೆಯಲ್ಲಿ ನಮ್ಮ ಕಡೆಯವರಿಗೆ ಒಂದು ದಂಡ ಇದೆ. ಸಲಕರಣೆ ಬರಬೇಕಾದದ್ದು ಹುಬ್ಬಳ್ಳಿಯಿಂದ, ದೊಡ್ಡದಾದರೆ ಬೆಂಗಳೂರಿನಿಂದ. ತರುವ ದಿನ, ಮುಟ್ಟಿಸುವ ದಿನ ಎರಡಕ್ಕೂ ಬಾಡಿಗೆ ಹಾಕುವವರಿದ್ದಾರೆ, ಅದನ್ನು ಫೋನಿನಲ್ಲೇ ಮಾತಾಡಿ ಮುಗಿಸಬೇಕು. ದೇವಿಮನೆ ಘಟ್ಟ ಇಳಿದು ಕುಮಟೆಯ ಕಡಲಲ್ಲಿ ಒಂದು ದೃಶ್ಯ ಎಂದು ಚಿತ್ರಕಥೆಯಲ್ಲಿ ಬರೆಯುವುದು ಒಂದು ಗೆರೆ. ಅದಕ್ಕೆ ಹೋಗಿ ಬರುವ ನೂರಿಪ್ಪತ್ತು ಕಿಲೋಮೀಟರ್, ತಂಡದ ಅರ್ಧ ದಿನ, ಮತ್ತು ತಿರುವುಗಳಲ್ಲಿ ವಾಂತಿ ಮಾಡುವ ಸಹಾಯಕ ನಿರ್ದೇಶಕ. ಆ ಗೆರೆ ನಿಜವಾಗಿ ಬೇಕೇ ಎಂದು ಬಜೆಟ್ ಹಾಕುವಾಗಲೇ ಕೇಳಿಕೊಳ್ಳಬೇಕು. ನಾನಂತೂ ಕಡಲನ್ನು ತೆಗೆದುಹಾಕಿದೆ.

ಶಬ್ದದ ವಿಷಯದಲ್ಲಿ ಜಿಪುಣತನ ಬೇಡ. ಚಿತ್ರ ಸ್ವಲ್ಪ ಮಸುಕಾದರೆ ಜನ ಅದೇ ಶೈಲಿಯೆಂದು ತಿಳಿದುಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ತೋಟದ ಜೀರುಂಡೆಗೆ "ಕಟ್" ಅರ್ಥವಾಗುವುದಿಲ್ಲ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಸಂಭಾಷಣೆ ಇಟ್ಟರೆ ಡಬ್ಬಿಂಗ್ ಮಾಡಲೇಬೇಕು, ಓದಿ ಅಭ್ಯಾಸವಿಲ್ಲದ ಊರಿನ ನಟರಿಂದ ಸ್ಟುಡಿಯೋದಲ್ಲಿ ಅದೇ ಮಾತು ಅದೇ ಜೀವದಿಂದ ಬರುವುದು ಕಷ್ಟ. ಕೈಯಲ್ಲಿರುವ ನಗದಿನ ಮೂರರಲ್ಲೊಂದು ಭಾಗವನ್ನು ಶೂಟಿಂಗ್ ಮುಗಿದ ಮೇಲಿನ ಕೆಲಸಕ್ಕೆಂದು ಬೇರೆಯವರ ಕೈಯಲ್ಲಿ ಇಟ್ಟುಬಿಡಿ ಎನ್ನುತ್ತೇನೆ ನಾನು. ನಿರ್ದೇಶಕನ ಕೈಯಲ್ಲಿದ್ದರೆ ಅದು ಇನ್ನೊಂದು ದಿನದ ಶೂಟಿಂಗ್ ಆಗಿಬಿಡುತ್ತದೆ. ಎಷ್ಟೋ ಚಿತ್ರಗಳು ಹಾರ್ಡ್‌ಡಿಸ್ಕಿನಲ್ಲೇ ಮಲಗಿರುವುದು ಇದರಿಂದ.

ಕೂಲಿಯ ಬಗ್ಗೆ ನನ್ನದು ಸ್ವಲ್ಪ ಗಟ್ಟಿ ನಿಲುವು. ಗೆಳೆಯರು ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಮುಯ್ಯಿಗೆ ದುಡಿಯುವುದು ಸರಿ. ಇವತ್ತು ಅವನ ಕ್ಯಾಮೆರಾ, ನಾಳೆ ನನ್ನ ಎಡಿಟಿಂಗ್. ಆದರೆ ಕೊನೆಗೌಡ ಕೊಯ್ಲಿನ ಕಾಲದಲ್ಲಿ ಒಂದು ದಿನ ನಮ್ಮ ಕ್ಯಾಮೆರಾದ ಮುಂದೆ ನಿಂತರೆ ಅವನಿಗೆ ಆ ದಿನದ ದುಡಿಮೆ ತಪ್ಪುತ್ತದೆ, ಅದೂ ಉಳಿದ ಆಳುಗಳಿಗಿಂತ ಹೆಚ್ಚಿನ ದುಡಿಮೆ. "ಸಿನಿಮಾದಲ್ಲಿ ಬರ್ತೀರಿ" ಎಂಬ ಆಸೆ ತೋರಿಸಿ ಅವನ ಕೂಲಿ ಉಳಿಸುವವರು ದುಡಿಯುವವರ ಬಗ್ಗೆ ಚಿತ್ರ ಮಾಡುವುದೇ ಬೇಡ. ಅವನು ಮರ ಹತ್ತುವ ದೃಶ್ಯ ಇದ್ದರೆ ಅಪಘಾತ ವಿಮೆಯೂ ಆಗಬೇಕು, ಕೆಳಗೆ ಹಗ್ಗ ಹಿಡಿಯುವವನೂ ಅವನಿಗೆ ರೂಢಿಯಿದ್ದವನೇ ಆಗಬೇಕು, ರೀಟೇಕ್ ಎಂದು ಮೂರನೇ ಬಾರಿ ಹತ್ತಿಸುವ ಹಕ್ಕು ನಿರ್ದೇಶಕನಿಗಿಲ್ಲ.

ಮುಂದೆ ಎಂದಾದರೂ ದುಡ್ಡು ಬಂದರೆ ಯಾರಿಗೆಷ್ಟು ಎಂಬುದನ್ನು ತಂಡದೊಳಗೆ ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಕರಾವಳಿಯ ಹಳೆಯ ರಾಂಪಣಿಯಲ್ಲಿ, ಅಂದರೆ ಊರವರು ಸೇರಿ ದಡಕ್ಕೆ ಎಳೆಯುತ್ತಿದ್ದ ದೊಡ್ಡ ಬಲೆಯ ಮೀನುಗಾರಿಕೆಯಲ್ಲಿ, ಬಲೆಯ ತುಂಡು ಕೊಟ್ಟವರಿಗೆ ಒಂದು ಲೆಕ್ಕ, ಎಳೆಯಲು ಬಂದವರಿಗೆ ಒಂದು ಲೆಕ್ಕ ಎಂದು ಪಾಲು ಮೊದಲೇ ನಿಗದಿಯಾಗಿರುತ್ತಿತ್ತು, ಮೀನು ಬಿದ್ದ ಮೇಲೆ ದಡದಲ್ಲಿ ಜಗಳವಿರಲಿಲ್ಲ. ಸುತ್ತುಬಲೆ ಬಿಡುವ ಯಾಂತ್ರಿಕ ಪರ್ಸಿನ್ ಬೋಟುಗಳು ಬಂದ ಮೇಲೆ ರಾಂಪಣಿ ಕುಗ್ಗಿತು, ಆದರೆ ಆ ಲೆಕ್ಕ ಕಿರುಚಿತ್ರದ ತಂಡಕ್ಕೆ ಇವತ್ತಿಗೂ ಸರಿಹೊಂದುತ್ತದೆ.

ಕೇಳುವ ಕಾಲವೂ ನೋಡಬೇಕು. ಅಡಿಕೆ ಸೀಮೆಯಲ್ಲಿ ಮಳೆಗಾಲವೆಂದರೆ ಔಷಧಿ ಹೊಡೆಯುವ ಖರ್ಚು, ಶಾಲೆ ಕಾಲೇಜಿನ ಖರ್ಚು, ಕೈ ಬಿಗಿ. ಕೊಯ್ದು, ಸುಲಿದು, ಒಣಗಿಸಿ, ವಖಾರಿಗೆ ಹಾಕಿ ದುಡ್ಡು ಎಣಿಸುವುದು ಬೇಸಿಗೆಯ ಹೊತ್ತಿಗೆ. ನನ್ನ ಕಥೆಗೆ ಬೇಕಾದದ್ದು ಕೊಯ್ಲಿನ ದಿನಗಳು, ಅಂದರೆ ದುಡ್ಡು ಇನ್ನೂ ಮರದ ಮೇಲಿರುವಾಗ. ಆದ್ದರಿಂದ ಹಿಂದಿನ ಬೇಸಿಗೆಯಲ್ಲೇ ಕೇಳಿ ತೆಗೆದಿಟ್ಟುಕೊಳ್ಳಬೇಕಾಗುತ್ತದೆ. ಅಷ್ಟು ಮುಂಚೆ ಕೊಡುವವರಿಗೆ ಚಿತ್ರ ಆಗಿಯೇ ಆಗುತ್ತದೆಂಬ ನಂಬಿಕೆ ಬರಬೇಕು. ಸಣ್ಣದೊಂದು ಪರೀಕ್ಷಾ ದೃಶ್ಯ, ಮೊಬೈಲಿನಲ್ಲಿ ತೆಗೆದದ್ದಾದರೂ ಸೈ, ಹತ್ತು ಪುಟದ ಡೆಕ್ಕಿಗಿಂತ ಅಲ್ಲಿ ಕೆಲಸಕ್ಕೆ ಬರುತ್ತದೆ. ಕಡಲ ಬದಿಯಲ್ಲಿ ಇದೇ ಲೆಕ್ಕ ತಿರುಗುಮುರುಗು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಜನರಿಗೆ ಪುರುಸೊತ್ತು, ಶೂಟಿಂಗಿಗೆ ಬೋಟು ಕೇಳಿದರೆ ಇಲ್ಲ ಎನ್ನರು. ಆದರೆ ಮಳೆ ಬಿಡುವುದಿಲ್ಲ, ದುಡ್ಡಿನ ಮಾತು ಆಗ ಎತ್ತುವಂತೆಯೂ ಇಲ್ಲ.

ಕೊಡುವವರ ಕೋರಿಕೆಗಳೂ ಇರುತ್ತವೆ. ಅಂಗಡಿಯ ಬೋರ್ಡು ಒಂದು ದೃಶ್ಯದಲ್ಲಿ ಕಾಣಲಿ ಎಂದರೆ ನಾನು ಒಪ್ಪುತ್ತೇನೆ, ಪೇಟೆಯ ದೃಶ್ಯದಲ್ಲಿ ಯಾವುದೋ ಒಂದು ಬೋರ್ಡು ಕಾಣಲೇಬೇಕಲ್ಲ. ಮಗಳಿಗೊಂದು ಪಾತ್ರ ಕೊಡಿ ಎಂದರೆ ಉಳಿದವರಂತೆ ಬಂದು ಓದಿ ತೋರಿಸಲಿ ಎನ್ನುತ್ತೇನೆ. ಒಮ್ಮೆ ಹಾಗೆ ಬಂದ ಹುಡುಗಿಯೇ ತಂಡದ ಅತ್ಯುತ್ತಮ ನಟಿಯಾದಳು, ಅವಳ ಅಪ್ಪನಿಗೆ ಅದು ನಂಬಲೇ ಆಗಲಿಲ್ಲ. ಕಥೆಯ ಮುಕ್ತಾಯ ಬದಲಿಸಿ ಎಂದರೆ ದುಡ್ಡು ಬೇಡ. ಚುನಾವಣೆ ಹತ್ತಿರ ಬಂದಾಗ ತಾವಾಗಿ ಬಂದು ಪೂರ್ತಿ ಖರ್ಚು ಹಾಕುತ್ತೇನೆ ಎನ್ನುವವರದ್ದೂ ಬೇಡ. ಇಪ್ಪತ್ತು ಜನ ಸ್ವಲ್ಪ ಸ್ವಲ್ಪ ಕೊಟ್ಟರೆ ಯಾರೂ ಯಜಮಾನರಾಗುವುದಿಲ್ಲ, ಒಬ್ಬರೇ ಕೊಟ್ಟರೆ ಸೆಟ್ಟಿನಲ್ಲಿ ಅವರಿಗೊಂದು ಕುರ್ಚಿ ಹಾಕಬೇಕಾಗುತ್ತದೆ.

ಸಂಸ್ಥೆಗಳ ದುಡ್ಡಿನ ಬಗ್ಗೆಯೂ ಕೇಳುತ್ತಾರೆ. ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡಬೇಕಾದ ಸಿಎಸ್‌ಆರ್ ಹಣ, ಅಂದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2, ಕಲೆ ಸಂಸ್ಕೃತಿಗೂ ಹೋಗಬಹುದು ಎಂದು 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿದೆ. ಆದರೆ ಅದು ಒಬ್ಬ ನಿರ್ದೇಶಕನ ಖಾತೆಗೆ ಬರುವುದಿಲ್ಲ. ಸಿಎಸ್‌ಆರ್-1 ನೋಂದಣಿ ಇರುವ ಟ್ರಸ್ಟೋ ಸಂಘವೋ ನಡುವೆ ಬೇಕು, 2021ರಿಂದ ಅದು ಕಡ್ಡಾಯ. ಊರಿನ ಹಳೆಯ ನಾಟಕ ಸಂಘ ಈ ನೋಂದಣಿ ಮಾಡಿಸಿಕೊಂಡಿದ್ದರೆ ಅದೃಷ್ಟ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ, ಪ್ರಸ್ತಾವವನ್ನು ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಕಥೆಗಿಂತ ನಿಮ್ಮ ಹುಡುಕಾಟ ಏನು ಎಂಬುದು ಮುಖ್ಯ. ಕೊನೆಗೌಡರ ಕೌಶಲವನ್ನು ದಾಖಲಿಸುವ ಕೆಲಸ ಅಲ್ಲಿಗೆ ಹೊಂದೀತು, ಕಾಲ್ಪನಿಕ ಕಿರುಚಿತ್ರ ಅಷ್ಟು ಸುಲಭವಲ್ಲ. ಆನ್‌ಲೈನ್ ವಂತಿಗೆಯ ತಾಣಗಳು ತಮ್ಮ ಪಾಲು ಹಿಡಿದುಕೊಂಡೇ ಉಳಿದದ್ದು ಕೊಡುತ್ತವೆ. ಅಲ್ಲಿ ಕೊಡುವವರೂ ಕಡೆಗೆ ನಿಮ್ಮ ವಾಟ್ಸಾಪಿನಲ್ಲಿರುವವರೇ. ಮುಂಬೈ, ಬೆಂಗಳೂರಿನಲ್ಲಿರುವ ಊರಿನವರನ್ನು ತಲುಪಲು ಅದು ಅನುಕೂಲ, ಅಷ್ಟೇ.

ದುಡ್ಡು ಯಾವ ದಾರಿಯಿಂದ ಬಂದರೂ ಚಿತ್ರಕ್ಕೆಂದೇ ಬೇರೆ ಖಾತೆ ತೆರೆಯಿರಿ. ನೆಂಟರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದ ಉಡುಗೊರೆ ಹಣ ಪಡೆದವನ ಆದಾಯವಾಗಿಯೇ ತೆರಿಗೆಗೆ ಬರುತ್ತದೆ, ಅದು ಗೊತ್ತಿಲ್ಲದೆ ತಮ್ಮ ಉಳಿತಾಯ ಖಾತೆಗೆ ಹಾಕಿಸಿಕೊಂಡು ಮಾರ್ಚಿನಲ್ಲಿ ಲೆಕ್ಕಪರಿಶೋಧಕರ ಬಾಗಿಲು ತಟ್ಟುವವರಿದ್ದಾರೆ. ಸಂಘದ ಹೆಸರಲ್ಲಿ ರಸೀತಿ ಪುಸ್ತಕ ಇದ್ದರೆ ಒಳ್ಳೆಯದು. ಖರ್ಚಿನ ಲೆಕ್ಕವನ್ನು, ಚಾದ ಬಿಲ್ಲು ಸಮೇತ, ಕೊಟ್ಟವರೆಲ್ಲರಿಗೂ ಕಳಿಸುತ್ತೇನೆ. ಯಾರೂ ಓದುವುದಿಲ್ಲ ಎನ್ನಬೇಡಿ. ಒಬ್ಬರು ಓದಿ, "ಬಾಳೆ ಎಲೆಗೆ ಇಷ್ಟೆಂತಕ್ಕೆ? ನಮ್ಮ ತೋಟದಲ್ಲೇ ಇದ್ದಿತ್ತಲ" ಎಂದು ಫೋನ್ ಮಾಡಿದ್ದರು. ಮುಂದಿನ ಚಿತ್ರಕ್ಕೆ ಎಲೆ ಅವರದ್ದು.

ಪರವಾನಗಿಯ ಮಾತು ಚಿಕ್ಕದಾಗಿ. ಕಾರವಾರದಲ್ಲಿ ಡ್ರೋನ್ ಹಾರಿಸುವ ಯೋಚನೆ ಇದ್ದರೆ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ನೌಕಾನೆಲೆ ಇರುವ ಊರು ಅದು. ಡ್ರೋನ್ 250 ಗ್ರಾಂಗಿಂತ ಕಡಿಮೆಯದ್ದು ಎಂಬ ನೆಪ, ಅನುಮತಿ ಇಲ್ಲದೆ ಹಾರಿಸುವಂತಿಲ್ಲದ ಕೆಂಪು ವಲಯದಲ್ಲಿ ನಡೆಯುವುದಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕೊಂಕಣ ರೈಲಿನ ನಿಲ್ದಾಣದಲ್ಲಿ ರೈಲ್ವೆಯದ್ದು. ಕಥೆಯಲ್ಲಿ ಒಂದು ಯಕ್ಷಗಾನ ಪದ್ಯ ಬೇಕಿದ್ದರೆ: ಬರೆದವರು ತೀರಿ 60 ವರ್ಷ ದಾಟಿದ ಹಳೆಯ ಪ್ರಸಂಗದ ಪದ್ಯಕ್ಕೆ ಯಾರ ಒಪ್ಪಿಗೆಯೂ ಬೇಡ, ಆದರೆ ಅದನ್ನು ಭಾಗವತರೊಬ್ಬರು ಹಾಡಿದ ಧ್ವನಿಮುದ್ರಣ ಬಳಸಿದರೆ ಅವರದ್ದೂ ಮುದ್ರಿಸಿದವರದ್ದೂ ಒಪ್ಪಿಗೆ ಬೇಕು. ಊರಿನ ಭಾಗವತರನ್ನು ಕೂರಿಸಿ ಹೊಸದಾಗಿ ಹಾಡಿಸುವುದೇ ಸುಲಭ, ಅವರಿಗೂ ಒಂದು ವೀಳ್ಯ ಸಂದ ಹಾಗಾಗುತ್ತದೆ. ಸಿನಿಮಾ ಹಾಡಿನ ಸಹವಾಸ ಬೇಡ.

ಚಿತ್ರ ಮುಗಿಯಿತು ಎನ್ನುವ ಹೊತ್ತಿಗೆ ಕೊಟ್ಟವರ ಕಡೆಯಿಂದ ಬರುವ ಪ್ರಶ್ನೆ ಒಂದೇ, ಯೂಟ್ಯೂಬಿಗೆ ಯಾವಾಗ? ಉತ್ಸವಗಳಿಗೆ ಕಳಿಸುವ ಆಸೆ ಇದ್ದರೆ ಅವಸರ ಮಾಡುವಂತಿಲ್ಲ, ಮೊದಲೇ ಆನ್‌ಲೈನಿನಲ್ಲಿ ಬಂದದ್ದನ್ನು ಬೇಡವೆನ್ನುವ ಉತ್ಸವಗಳಿವೆ. ತಿರುವನಂತಪುರದಲ್ಲಿ 2008ರಿಂದ ನಡೆಯುವ ಸಾಕ್ಷ್ಯಚಿತ್ರ–ಕಿರುಚಿತ್ರೋತ್ಸವ, 1990ರಲ್ಲಿ ಆರಂಭವಾದ ಮುಂಬೈಯ ಉತ್ಸವ, ಬೆಂಗಳೂರಿನ ಕಿರುಚಿತ್ರೋತ್ಸವ, ಒಂದೊಂದರ ಗಡುವೂ ನಿಯಮವೂ ಬೇರೆ. ಶುಲ್ಕ ತೆಗೆದುಕೊಳ್ಳುವವರಲ್ಲಿ ಹೆಸರೇ ಕೇಳದ "ಅಂತರರಾಷ್ಟ್ರೀಯ" ಉತ್ಸವಗಳೂ ಬೇಕಾದಷ್ಟಿವೆ. ಆಯ್ಕೆಯಾಯಿತೆಂದು ಅವು ಕೊಡುವ ಎಲೆ–ಹಾರದ ಮುದ್ರೆಯನ್ನು ಪೋಸ್ಟರಿಗೆ ಹಚ್ಚಿಕೊಳ್ಳಲು ಊರವರ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ದುಡ್ಡು ಕೇಳುವ ದಿನವೇ ಇಷ್ಟು ಹೇಳಿಟ್ಟಿರುತ್ತೇನೆ: ಮೊದಲು ನೋಡುವವರು ನೀವು, ಊರಲ್ಲಿ, ಆಹ್ವಾನಿತರಿಗಷ್ಟೇ. ಆಮೇಲೆ ಸುಮಾರು ಒಂದು ವರ್ಷ ಅದು ಉತ್ಸವಗಳ ಸುತ್ತಿನಲ್ಲಿರುತ್ತದೆ. ಆ ಮೇಲೆ ಎಲ್ಲರಿಗೂ. ಎಲ್ಲಾದರೂ ಟಿಕೆಟ್ ಇಟ್ಟು ಥಿಯೇಟರಿನಲ್ಲಿ ತೋರಿಸುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕಾಗುತ್ತದೆ, ಅದರ ಖರ್ಚು ಬಜೆಟ್ಟಿನಲ್ಲಿಲ್ಲ.

ಊರಿನ ಪ್ರದರ್ಶನವನ್ನು ಅಡಿಕೆ ಸುಲಿತ ಮುಗಿದ ಮೇಲೆ ಇಟ್ಟುಕೊಳ್ಳಿ. ಸುಲಿಯುವ ರಾತ್ರಿಗಳಲ್ಲಿ ತೋಟದ ಮನೆಯವರು ಯಾರೂ ಹೊರಡುವುದಿಲ್ಲ. ಹತ್ತಿರದಲ್ಲಿ ಆಟ ಇರುವ ದಿನವೂ ಬೇಡ, ಹದಿನೈದು ನಿಮಿಷದ ಚಿತ್ರಕ್ಕೆ ಆಟ ಬಿಟ್ಟು ಬರುವವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಪ್ರೊಜೆಕ್ಟರ್ ಬಾಡಿಗೆಯ ಜೊತೆ ಯುಪಿಎಸ್ ಒಂದನ್ನೂ ಹೇಳಿಬಿಡಿ. ಕರೆಂಟಿನ ಭರವಸೆ ಇಲ್ಲ. ಮತ್ತು ಚಿತ್ರವನ್ನು ಎರಡು ಬಾರಿ ಹಾಕಲು ತಯಾರಿರಿ, ಮೊದಲ ಸಲ ಅವರು ನೋಡುವುದು ಯಾರ ಮನೆ, ಯಾರ ತೋಟ, ಹಿಂದೆ ನಿಂತವನು ಯಾರ ಮಗ ಎಂಬುದನ್ನು ಮಾತ್ರ.